ದೋಣಿಯ ಮುಚ್ಚಳ

ಮನೆಗೆ ಬಾಗಿಲು ಹೇಗೋ, ಮೀನು ಹಿಡಿಯುವ ದೋಣಿಗೆ ಅದರ ಮೀನಿನ ಕೋಣೆಯ ಮುಚ್ಚಳ ಹಾಗೆ. ಬಾಗಿಲು ಸಡಿಲವಾದರೆ ಕಳ್ಳ ಬರಬಹುದು, ಬಾರದೆಯೂ ಇರಬಹುದು. ಮುಚ್ಚಳ ಸಡಿಲವಾದರೆ ನೀರು ಬಂದೇ ಬರುತ್ತದೆ. ಒಂದು ಘನ ಮೀಟರ್ ಕಡಲ ನೀರಿನ ತೂಕ ಸುಮಾರು 1,025 ಕಿಲೋಗ್ರಾಂ. ಅಷ್ಟು ನೀರು ಕೋಣೆಯೊಳಗೆ ಸೇರಿತೆಂದರೆ ಅದು ಸುಮ್ಮನೆ ನಿಲ್ಲುವುದಿಲ್ಲ. ದೋಣಿ ಯಾವ ಕಡೆಗೆ ವಾಲುತ್ತದೆಯೋ ಆ ಕಡೆಗೇ ಓಡಿ ವಾಲುವಿಕೆಯನ್ನು ಹೆಚ್ಚಿಸುತ್ತದೆ. ದೋಣಿಗಳು ಮಗುಚುವುದಕ್ಕೆ ಇದೂ ಒಂದು ಕಾರಣ.

2022ರ ಮೇ ತಿಂಗಳ ಮೊದಲ ವಾರ. ಗಂಗೊಳ್ಳಿಯಲ್ಲಿ ನಮ್ಮ ಅಣ್ಣನ ದೋಣಿ ದಡಕ್ಕೆ ಬರುತ್ತಿದ್ದಾಗ, ಬಲೆ ಎಳೆಯುತ್ತಿದ್ದ ಹುಡುಗನೊಬ್ಬನ ಕಾಲು ಮುಚ್ಚಳವನ್ನು ಒಡೆದುಕೊಂಡು ಮೊಣಕಾಲಿನವರೆಗೆ ಕೆಳಗಿಳಿಯಿತು. ಹುಡುಗನಿಗೆ ತರಚಿದ ಗಾಯವಷ್ಟೇ ಆಯಿತು. ಅಂದು ಕಡಲು ಶಾಂತವಾಗಿತ್ತು. ಆಗಸ್ಟ್ ತಿಂಗಳ ಕಡಲಿನಲ್ಲಿ ಇದೇ ಆಗಿದ್ದರೆ ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡಲಿಲ್ಲ. ಎಲ್ಲರ ಮನಸ್ಸಿನಲ್ಲಿಯೂ ಅದೇ ಇತ್ತು.

ಹಿಂದಿನವರ ದೋಣಿಗಳು ಮರದವು. ಹಲಗೆ ಒಡೆದರೆ ಆಚಾರಿ ಬಂದು ಬೇರೆ ಹಲಗೆ ಕೂಡಿಸುತ್ತಿದ್ದ. ಇಂದಿನ ದೋಣಿ ಗಾಜಿನ ನಾರು ಮತ್ತು ರಾಳಗಳಿಂದಾದ ಫೈಬರ್ ದೋಣಿ. ಅದರ ಮುಚ್ಚಳವೂ ಫೈಬರಿನದು. ಪೇಟೆಯಿಂದ ಸಿದ್ಧ ಮುಚ್ಚಳವನ್ನು ತರೋಣವೆಂದರೆ, ಒಂದು ದೋಣಿಯ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ. ಎರಡು ಬೆರಳು ಹೆಚ್ಚುಕಡಿಮೆಯಾದರೆ ಏನಾಯಿತು ಎಂದು ನಾನು ಕೇಳಿದೆ. ಅಣ್ಣ ಹೇಳಿದ: "ಕಡಲಿಗೆ ಅಳತೆ ಗೊತ್ತಿಲ್ಲ ಮಾರಾಯ, ಸಂದು ಮಾತ್ರ ಗೊತ್ತು." ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನಾನು, ಮುಚ್ಚಳವನ್ನು ನಾನೇ ಮಾಡಿಕೊಡುತ್ತೇನೆಂದು ಮಾತು ಕೊಟ್ಟೆ.

ಮೊದಲು ಹಳೆಯ ಮುಚ್ಚಳ ಏಕೆ ಒಡೆಯಿತೆಂದು ನೋಡಿದೆ. ಫೈಬರಿನ ಎರಡು ಪದರಗಳ ನಡುವೆ ಬಿಗಿತಕ್ಕಾಗಿ ಪ್ಲೈವುಡ್ ಹಲಗೆಯನ್ನು ಇಟ್ಟಿದ್ದರು. ಹಿಡಿಕೆಯ ಸ್ಕ್ರೂಗಳನ್ನು ನೇರವಾಗಿ ಆ ಹಲಗೆಗೇ ತಿರುಪಿದ್ದರು. ಆ ತೂತುಗಳ ಮೂಲಕ ವರ್ಷಗಟ್ಟಲೆ ಇಳಿದ ನೀರಿನಿಂದ ಹಲಗೆ ಕೊಳೆತು ನೆನೆದ ಅವಲಕ್ಕಿಯಂತಾಗಿತ್ತು. ಮೇಲಿನಿಂದ ನೋಡಿದರೆ ಬಣ್ಣ ಹೊಳೆಯುತ್ತಿತ್ತು, ಒಳಗೆ ಬಲವಿರಲಿಲ್ಲ.

ಇನ್ನು ಅಚ್ಚಿನ ವಿಷಯ. ಗಾಜಿನ ನಾರಿನ ಚಾಪೆ ಬಟ್ಟೆಯಂತೆ ಮೆತ್ತಗಿರುತ್ತದೆ, ರಾಳ ಜೇನಿನಂತೆ ದ್ರವವಾಗಿರುತ್ತದೆ. ಇವೆರಡಕ್ಕೂ ಸ್ವಂತ ಆಕಾರವಿಲ್ಲ. ಆಕಾರ ಕೊಡುವುದು ಅಚ್ಚು. ಇಡ್ಲಿಯ ತಟ್ಟೆ ನಯವಾಗಿದ್ದರೆ ಇಡ್ಲಿಯ ಅಡಿ ನಯವಾಗಿರುತ್ತದಲ್ಲವೇ? ಇಲ್ಲಿಯೂ ಹಾಗೆಯೇ. ಅಚ್ಚಿಗೆ ತಾಗಿದ ಮುಖವೇ ಮುಚ್ಚಳದ ಹೊರಮುಖ. ಆದ್ದರಿಂದ ಅಚ್ಚೆಂದರೆ ಮುಚ್ಚಳವನ್ನು ಬೋರಲು ಹಾಕಿದಂತಹ ಒಂದು ತಟ್ಟೆ. ಅದರ ತಳವೇ ಮುಚ್ಚಳದ ತಲೆ.

ದೋಣಿಯ ಬಾಯಿಯ ಸುತ್ತಲಿನ ಕಟ್ಟೆ ಹೊರ ಅಳತೆಯಲ್ಲಿ 90 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲವಿತ್ತು. ಮುಚ್ಚಳದ ಅಂಚು ಈ ಕಟ್ಟೆಯ ಹೊರಗಡೆ ಇಳಿಯಬೇಕು. ಪ್ರತಿ ಬದಿಗೆ 6 ಮಿಲಿಮೀಟರ್ ಸಡಿಲ, 4 ಮಿಲಿಮೀಟರ್ ಫೈಬರಿನ ದಪ್ಪ. ಎರಡು ಬದಿ ಸೇರಿ 20 ಮಿಲಿಮೀಟರ್. ಹೀಗೆ ಅಚ್ಚಿನ ತಳ 92 ಮತ್ತು 62 ಸೆಂಟಿಮೀಟರ್ ಆಯಿತು. ದಪ್ಪವನ್ನು ಲೆಕ್ಕಕ್ಕೆ ಸೇರಿಸಲು ಮರೆತವನ ಮುಚ್ಚಳದಲ್ಲಿ ಆ ಸಡಿಲದ ಹೆಚ್ಚಿನ ಪಾಲು ದಪ್ಪಕ್ಕೇ ಹೋಗಿಬಿಡುತ್ತದೆ.

ಹಳೆಯ ಮೇಜಿನ ಸನ್ಮೈಕಾ ಅಂಟಿಸಿದ ಹಲಗೆಯೇ ಅಚ್ಚಿನ ತಳವಾಯಿತು. ಅದೇ ಹಲಗೆಯಿಂದ 7 ಸೆಂಟಿಮೀಟರ್ ಎತ್ತರದ ನಾಲ್ಕು ಪಟ್ಟಿಗಳನ್ನು ಕೊಯ್ದು ಗೋಡೆ ನಿಲ್ಲಿಸಿದೆ. ಗೋಡೆಗಳು ನೆಟ್ಟಗಿರಬಾರದು, ನಾಲ್ಕೈದು ಡಿಗ್ರಿಯಷ್ಟು ಹೊರಕ್ಕೆ ವಾಲಿರಬೇಕು. ಇಲ್ಲವಾದರೆ ಮುಚ್ಚಳ ಅಚ್ಚಿನಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಮೂಲೆಗಳು ಚೂಪಾಗಿಯೂ ಇರಬಾರದು. ನಾರಿನ ಚಾಪೆ ಚೂಪು ಮೂಲೆಗೆ ಬಾಗುವುದಿಲ್ಲ. ಅಲ್ಲಿ ಗಾಳಿ ಉಳಿದು ಮುಂದೆ ಬಿರುಕು ಬಿಡುತ್ತದೆ. ಆದ್ದರಿಂದ ಮೂಲೆಗಳಿಗೆ ಜೇನುಮೇಣ ತುಂಬಿ ಚಮಚದ ಬೆನ್ನಿನಿಂದ ಗುಂಡಗೆ ಮಾಡಿದೆ. ಆಮೇಲೆ ಇಡೀ ಅಚ್ಚಿಗೆ ಪಾಲಿಶ್ ಮೇಣವನ್ನು ಆರು ಸಲ ಹಚ್ಚಿ, ಪ್ರತಿ ಸಲವೂ ಒಣಗಿಸಿ ಉಜ್ಜಿದೆ. ಅದರ ಮೇಲೆ ನೀರಿನಲ್ಲಿ ಕರಗುವ ಪಿವಿಎ ದ್ರಾವಣದ ತೆಳುಪೊರೆ. ಈ ಕೆಲಸದಲ್ಲಿ ಸೋಮಾರಿತನ ಮಾಡಿದರೆ ಅಚ್ಚೂ ಮುಚ್ಚಳವೂ ಒಂದಾಗಿ ಬಿಡುತ್ತವೆ.

ರಾಳದ ವಿಷಯದಲ್ಲಿ ಕೇಳುಗರಿಗೆ ಒಂದು ಎಚ್ಚರಿಕೆ. ನಾನು ತಂದ ಅಂಗಡಿಯಲ್ಲಿ ರಾಳ, ಕೋಬಾಲ್ಟ್ ಮತ್ತು ಕೆಟಲಿಸ್ಟ್ ಎಂಬ ಮೂರು ಡಬ್ಬಿಗಳನ್ನು ಬೇರೆ ಬೇರೆಯಾಗಿ ಕೊಟ್ಟರು. ಕೋಬಾಲ್ಟ್ ಮತ್ತು ಕೆಟಲಿಸ್ಟ್‌ಗಳನ್ನು ಎಂದಿಗೂ ನೇರವಾಗಿ ಬೆರೆಸಕೂಡದು. ಬೆಂಕಿ ಹತ್ತಬಹುದು, ಸ್ಫೋಟವೂ ಆಗಬಹುದು. ಮೊದಲು ಕೋಬಾಲ್ಟನ್ನು ರಾಳದಲ್ಲಿ ಚೆನ್ನಾಗಿ ಕದಡಿ, ಅನಂತರವೇ ಕೆಟಲಿಸ್ಟ್ ಹಾಕಬೇಕು. ಕೆಟಲಿಸ್ಟಿನ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಚೀಲ, ರಾಸಾಯನಿಕ ಆವಿಯನ್ನು ತಡೆಯುವ ಮುಖವಾಡ, ಗಾಳಿಯಾಡುವ ಜಾಗ, ಇವು ನಾಲ್ಕೂ ಬೇಕು. ಬೀಡಿಯನ್ನು ಗೇಟಿನ ಹೊರಗೇ ಬಿಟ್ಟು ಬರಬೇಕು.

ಇಷ್ಟು ತಿಳಿದೂ ನಾನು ತಪ್ಪಿದೆ. ಬೇಗ ಗಟ್ಟಿಯಾಗಲೆಂದು ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಕಿಲೋ ರಾಳಕ್ಕೆ ಶೇಕಡಾ 2ರಷ್ಟು ಕೆಟಲಿಸ್ಟ್ ಬೆರೆಸಿದೆ. ಎಂಟು ನಿಮಿಷವಾಗುವುದರೊಳಗೆ ಬಕೆಟಿನ ರಾಳ ಕಾದು ಹೊಗೆಯಾಡಿ ಬಿರುಕುಬಿಟ್ಟ ಗಡ್ಡೆಯಾಯಿತು. ಗಟ್ಟಿಯಾಗುವಾಗ ರಾಳವೇ ಶಾಖ ಹೊರಸೂಸುತ್ತದೆ, ರಾಶಿಯಾಗಿದ್ದರೆ ಆ ಶಾಖಕ್ಕೆ ಹೊರಹೋಗಲು ದಾರಿಯಿರುವುದಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು, ಅರ್ಧರ್ಧ ಕಿಲೋದಂತೆ, ಶೇಕಡಾ 1ರ ಪ್ರಮಾಣದಲ್ಲಿ ಬೆರೆಸಿದೆ. ನಮ್ಮ ಕರಾವಳಿಯ ಬೇಸಿಗೆಗೆ ಅಷ್ಟು ಸಾಕು.

ಮೊದಲು ಜೆಲ್‌ಕೋಟ್ ಎಂಬ ಬಣ್ಣದ ರಾಳವನ್ನು ಅರ್ಧ ಮಿಲಿಮೀಟರ್ ದಪ್ಪಕ್ಕೆ ಬಳಿದೆ. ಬೆರಳಿಗೆ ಅಂಟಿದಂತಾಗಿಯೂ ಬಣ್ಣ ಬೆರಳಿಗೆ ಬಾರದಿರುವ ಹದ ಬಂದಾಗ, ಚದರ ಮೀಟರಿಗೆ 450 ಗ್ರಾಂ ತೂಗುವ ಚಾಪೆಯ ಎರಡು ಪದರಗಳನ್ನು ಒಂದರ ಮೇಲೊಂದು ಹಾಸಿ, ಬ್ರಷ್ಷಿನಿಂದ ಕುಟ್ಟುತ್ತಾ ರಾಳ ಕುಡಿಸಿ, ರೋಲರಿನಿಂದ ಗಾಳಿ ಹೊರಡಿಸಿದೆ. ಗಾಜಿನ ತೂಕದ ಎರಡರಿಂದ ಎರಡೂವರೆ ಪಟ್ಟು ರಾಳ ಸಾಕು. ಬಲ ನಾರಿನಲ್ಲಿದೆ, ರಾಳ ಹೆಚ್ಚಾದಷ್ಟೂ ಮುಚ್ಚಳ ಗಡುಸಾಗುವುದಿಲ್ಲ, ಪೆಡಸಾಗುತ್ತದೆ.

ಅದು ಗಟ್ಟಿಯಾದ ಮೇಲೆ 12 ಮಿಲಿಮೀಟರ್ ದಪ್ಪದ ಮೆರೈನ್ ಪ್ಲೈವುಡ್ಡನ್ನು ನಡುವೆ ಕೂರಿಸಿದೆ. ಅದರ ಎಲ್ಲ ಮುಖಗಳಿಗೂ ಮೊದಲೇ ರಾಳ ಕುಡಿಸಿ, ಅಂಚುಗಳನ್ನು ಇಳಿಜಾರಾಗಿ ಕೆತ್ತಿದ್ದೆ. ಹಿಡಿಕೆಯ ಬೋಲ್ಟು ಬರುವ ಕಡೆ ದೊಡ್ಡ ತೂತು ಕೊರೆದು, ನಾರಿನ ಚೂರು ಬೆರೆಸಿದ ರಾಳವನ್ನು ತುಂಬಿದ್ದೆ. ಮುಂದೆ ಅದರ ನಟ್ಟನಡುವೆ ಬೋಲ್ಟಿನ ತೂತು ಕೊರೆದರೆ, ಬೋಲ್ಟಿಗೂ ಮರಕ್ಕೂ ಸಂಬಂಧವೇ ಇರದು. ಹಳೆಯ ಮುಚ್ಚಳ ಕಲಿಸಿದ ಪಾಠ ಇದು. ಮರುದಿನ ಮೇಲೆ ಇನ್ನೆರಡು ಪದರ ಚಾಪೆ ಹಾಸಿದೆ. ರಾಳ ಪೂರ್ತಿ ಗಟ್ಟಿಯಾಗುವ ಮುನ್ನ, ಚರ್ಮದಂತಿರುವಾಗಲೇ, ಅಂಚಿನ ಹೆಚ್ಚುವರಿಯನ್ನು ಚಾಕುವಿನಿಂದ ಕತ್ತರಿಸಿದೆ. ಆ ಸಮಯ ತಪ್ಪಿದರೆ ಗರಗಸವೇ ಬೇಕು, ಗಾಜಿನ ಧೂಳಿನ ತುರಿಕೆಯೂ ತಪ್ಪದು.

ಎರಡು ದಿನ ಬಿಟ್ಟು ಅಂಚಿಗೆ ಪ್ಲಾಸ್ಟಿಕ್ಕಿನ ಬೆಣೆಗಳನ್ನು ತೂರಿಸಿ, ಸಂದಿನಲ್ಲಿ ನೀರು ಸುರಿದೆ. ಪಿವಿಎ ಪೊರೆ ಕರಗಿತು. ಅಚ್ಚಿನ ಬೆನ್ನಿಗೆ ಮರದ ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಟ್ಟಾಗ ಮುಚ್ಚಳ ಟಕ್ಕೆಂದು ಬಿಟ್ಟುಕೊಂಡಿತು.

ಕಟ್ಟೆಯ ತಲೆಗೆ ರಬ್ಬರ್ ಪಟ್ಟಿ ಅಂಟಿಸಿ ಮುಚ್ಚಳವನ್ನು ಕೂರಿಸಿದೆವು. ಅಣ್ಣ ಮಾತಾಡದೆ ಹತ್ತು ಕೊಡ ನೀರನ್ನು ಅದರ ಮೇಲೆ ಸುರಿಸಿದ. ಕೋಣೆಯೊಳಗೆ ಇಳಿದು ಕೈಯಾಡಿಸಿದ. ಕೈ ಒಣಗಿತ್ತು. ಮೇಲೆ ಬಂದು ಮುಚ್ಚಳದ ನಡುವೆ ಎರಡೂ ಕಾಲೂರಿ ನಿಂತ. ಅನಂತರ ಆ ಹುಡುಗನನ್ನು ಕರೆದು ಅವನನ್ನೂ ನಿಲ್ಲಿಸಿದ. ಹುಡುಗ ಮೊದಲು ಒಂದು ಕಾಲನ್ನು ಮಾತ್ರ ಇಟ್ಟ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದನ್ನೂ ಇಟ್ಟ.

ಮಳೆಗಾಲದ ನಿಷೇಧ ಮುಗಿದು ಆಗಸ್ಟ್‌ನಲ್ಲಿ ದೋಣಿ ಕಡಲಿಗಿಳಿಯಿತು. ಅಚ್ಚು ಇಂದಿಗೂ ನಮ್ಮ ಮನೆಯ ಹಿಂದಿನ ಚಾವಡಿಯಲ್ಲಿದೆ. ಅದೇ ಅಳತೆಯ ಬಾಯಿಯಿರುವ ಇನ್ನೊಂದು ದೋಣಿಗೆ ಅದರಿಂದಲೇ ಎರಡನೆಯ ಮುಚ್ಚಳವೂ ಆಯಿತು. ಕೇಳುಗರಲ್ಲಿ ದೋಣಿಯುಳ್ಳವರು ಯಾರಾದರೂ ಇದ್ದರೆ ನನ್ನದೊಂದು ವಿನಂತಿ: ನಾಳೆ ಬೆಳಿಗ್ಗೆ ನಿಮ್ಮ ಮುಚ್ಚಳದ ಮೇಲೆ ಒಂದು ನಾಣ್ಯದಿಂದ ಉದ್ದಕ್ಕೂ ತಟ್ಟಿ ನೋಡಿ. ಖಣಿಖಣಿ ಎಂದರೆ ಚಿಂತೆಯಿಲ್ಲ. ಎಲ್ಲಿಯಾದರೂ ದೊಪ್ಪೆಂದು ಮಂಕಾದ ಸದ್ದು ಬಂದರೆ, ಬಣ್ಣ ಎಷ್ಟೇ ಹೊಳೆಯುತ್ತಿರಲಿ, ಅದರ ಮೇಲೆ ಯಾರನ್ನೂ ನಿಲ್ಲಗೊಡಬೇಡಿ.