ಗೀರು ಬಿದ್ದ ರಸ್ತೆಯ ಮೇಲೆ ಟಯರು

ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ಹೊರಟ ಕಾರು ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಟ್ಟ ಇಳಿಯತೊಡಗಿದಾಗ ಚಕ್ರದ ಸದ್ದು ಬದಲಾಗುತ್ತದೆ. ಊರಿನ ಡಾಂಬರಿನ ಮೇಲೆ ಮೆತ್ತಗೆ ಉರುಳಿ ಬಂದ ಟಯರು ಇಲ್ಲಿ ಸಣ್ಣಗೆ ಕೂಗುತ್ತದೆ. ವೇಗ ಹೆಚ್ಚಿದರೆ ಕೂಗು ಏರುತ್ತದೆ, ಬ್ರೇಕ್ ಒತ್ತಿದರೆ ಇಳಿಯುತ್ತದೆ. ಮೊದಲ ಸಲ ಈ ದಾರಿಗೆ ಬಂದ ಚಾಲಕರು ಬೇರಿಂಗ್ ಹೋಯಿತೇನೋ ಎಂದು ಕಿವಿಗೊಡುವುದೂ ಉಂಟು. ಬೇರಿಂಗಿಗೆ ಏನೂ ಆಗಿಲ್ಲ. ಕಾಂಕ್ರೀಟು ಹಸಿಯಾಗಿದ್ದಾಗ ಅದರ ಮೈಮೇಲೆ ಬೇಕೆಂದೇ ಎಳೆದ ಗೀರುಗಳು ಹೊರಡಿಸುವ ಸದ್ದು ಅದು.

ಬೆಂಗಳೂರು–ಮಂಗಳೂರು ನಡುವಿನ ರಾಷ್ಟ್ರೀಯ ಹೆದ್ದಾರಿ 75ರ ಈ ಘಟ್ಟದಲ್ಲಿ ಡಾಂಬರು ನಿಲ್ಲುತ್ತಿರಲಿಲ್ಲ. ಪಶ್ಚಿಮ ಘಟ್ಟದ ಮಳೆ ಒಂದು ಕಡೆ, ಬಂದರಿನಿಂದ ಹತ್ತುವ ಭಾರದ ಲಾರಿಗಳು ಇನ್ನೊಂದು ಕಡೆ. ಎರಡೂ ಸೇರಿ ಪ್ರತಿ ಮಳೆಗಾಲದ ಕೊನೆಗೆ ರಸ್ತೆ ಬರೀ ಗುಂಡಿಯಾಗಿರುತ್ತಿತ್ತು. ಕೊನೆಗೆ 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ತಿಂಗಳುಗಟ್ಟಲೆ ಸಂಚಾರ ನಿಲ್ಲಿಸಿ, ಎರಡು ಹಂತಗಳಲ್ಲಿ ಸುಮಾರು 25 ಕಿ.ಮೀ. ಉದ್ದಕ್ಕೆ ಕಾಂಕ್ರೀಟು ಹಾಕಲಾಯಿತು.

ಕಾಂಕ್ರೀಟು ಗಟ್ಟಿ, ನಿಜ. ಆದರೆ ಅದನ್ನು ನುಣ್ಣಗೆ ಸಾರಿಸಿ ಬಿಟ್ಟರೆ ಮಳೆಯಲ್ಲಿ ಅದರಷ್ಟು ಅಪಾಯದ ನೆಲ ಬೇರೆ ಇಲ್ಲ. ಅದಕ್ಕೇ ಹಸಿ ಕಾಂಕ್ರೀಟು ಬಿಗಿಯುವ ಮುನ್ನ ಉಕ್ಕಿನ ಹಲ್ಲುಗಳ ಸಾಲನ್ನು ಅದರ ಮೇಲೆ ಎಳೆಯುತ್ತಾರೆ. ಸುಮಾರು 3 ಮಿ.ಮೀ. ಅಗಲ, ಹೆಚ್ಚುಕಡಿಮೆ ಅಷ್ಟೇ ಆಳದ ಗೀರುಗಳು ಸಾಲಾಗಿ ಮೂಡುತ್ತವೆ. ತೀರಾ ಬೇಗ ಎಳೆದರೆ ಗೀರಿನ ಅಂಚು ಕುಸಿದು ಮುಚ್ಚಿಕೊಳ್ಳುತ್ತದೆ, ತಡಮಾಡಿದರೆ ಹಲ್ಲು ಇಳಿಯುವುದೇ ಇಲ್ಲ. ಬಿಸಿಲು, ಗಾಳಿ ನೋಡಿಕೊಂಡು ಹೊತ್ತು ಹಿಡಿಯುವುದು ಕೆಲಸಗಾರನ ಕೈಗುಣ. ಮುಂದಿನ ಎಷ್ಟೋ ವರ್ಷ ಆ ದಾರಿಯಲ್ಲಿ ಹೋಗುವವರ ಬ್ರೇಕು ಹಿಡಿಯುವುದು ಆ ಹೊತ್ತಿನ ಅಂದಾಜಿನ ಮೇಲೆ.

ಈ ಗೀರುಗಳು ಮಾಡುವ ಮುಖ್ಯ ಕೆಲಸ ನೀರಿಗೆ ದಾರಿ ಕೊಡುವುದು. ಒಣ ರಸ್ತೆಯಲ್ಲಿ ಇವುಗಳಿಂದ ಹಿಡಿತ ಹೆಚ್ಚುವುದು ಅಷ್ಟಕ್ಕಷ್ಟೆ. ರಬ್ಬರು ನೆಲಕ್ಕೆ ತಾಗುವ ಜಾಗ ಗೀರಿನಷ್ಟು ಕಡಿಮೆಯೇ ಆಗುತ್ತದೆ. ಮಳೆ ಬಿದ್ದಾಗ ಲೆಕ್ಕ ಪೂರ್ತಿ ಬೇರೆ. 16.5 ಸೆಂ.ಮೀ. ಅಗಲದ ಒಂದು ಟಯರು 3 ಮಿ.ಮೀ. ನೀರು ನಿಂತ ರಸ್ತೆಯಲ್ಲಿ ಗಂಟೆಗೆ 72 ಕಿ.ಮೀ. ವೇಗದಲ್ಲಿ ಹೋದರೆ, ಒಂದೊಂದು ಸೆಕೆಂಡಿಗೂ ಸುಮಾರು 10 ಲೀಟರ್ ನೀರನ್ನು ತನ್ನ ಅಡಿಯಿಂದ ಆಚೆ ತಳ್ಳಬೇಕು. ಟಯರು ನೆಲಕ್ಕೆ ಒತ್ತಿಕೊಂಡಿರುವ ಜಾಗದ ಉದ್ದ ಒಂದು ಗೇಣಿಗೂ ಕಡಿಮೆ. ಆ ಉದ್ದವನ್ನು ದಾಟಲು ಸೆಕೆಂಡಿನ ನೂರನೇ ಒಂದು ಭಾಗವೂ ಬೇಕಿಲ್ಲ. ಅಷ್ಟರೊಳಗೆ ನೀರು ಜಾಗ ಬಿಡದಿದ್ದರೆ ಟಯರು ನೀರಿನ ಮೇಲೇರಿ ತೇಲುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗದು, ಬ್ರೇಕ್ ಒತ್ತಿದರೂ ನಿಲ್ಲದು.

ಹೀಗೆ ತೇಲುವುದು ಯಾವ ವೇಗದಲ್ಲಿ ಎಂಬುದನ್ನು ಮೊದಲು ಚೆನ್ನಾಗಿ ಅಳೆದದ್ದು ವಿಮಾನಗಳಿಗಾಗಿ. ಅಮೆರಿಕದ ನಾಸಾ ಸಂಸ್ಥೆಯ ವಾಲ್ಟರ್ ಹಾರ್ನ್ ಮತ್ತು ಜೊತೆಗಾರರು 1960ರ ದಶಕದಲ್ಲಿ ಕಂಡುಕೊಂಡ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಆಶ್ಚರ್ಯವೆಂದರೆ ಅದರಲ್ಲಿ ವಾಹನದ ತೂಕ ಬರುವುದಿಲ್ಲ. ಬರುವುದು ಟಯರಿನೊಳಗಿನ ಗಾಳಿಯ ಒತ್ತಡ. ಪಿ.ಎಸ್.ಐ. ಲೆಕ್ಕದ ಒತ್ತಡದ ವರ್ಗಮೂಲವನ್ನು ಸುಮಾರು 16.7ರಿಂದ ಗುಣಿಸಿದರೆ ತೇಲುವ ವೇಗ ಕಿಲೋಮೀಟರುಗಳಲ್ಲಿ ಸಿಗುತ್ತದೆ. ಗಾಳಿ 36 ಇದ್ದರೆ ಗಂಟೆಗೆ ಸುಮಾರು 100 ಕಿ.ಮೀ., 25ಕ್ಕೆ ಇಳಿದಿದ್ದರೆ ಸುಮಾರು 83. ಪಂಕ್ಚರ್ ಅಂಗಡಿಯ ಮುಂದೆ ಗಾಳಿ ನೋಡಿಸಲು ನಿಲ್ಲುವ ಎರಡು ನಿಮಿಷ ಎಷ್ಟು ದೊಡ್ಡದೆಂದು ಇದರಿಂದ ತಿಳಿಯುತ್ತದೆ. ಸೂತ್ರ ಹೊಂದುವುದು ನೀರು ಹೊರಹೋಗಲು ದಾರಿಯೇ ಇಲ್ಲದ ಸ್ಥಿತಿಗೆ: ಟಯರು ಬೋಳಾಗಿರಬೇಕು, ಇಲ್ಲವೇ ನೀರು ಟಯರಿನ ಗೆರೆಗಳಿಗಿಂತ ಆಳ ನಿಂತಿರಬೇಕು. ಟಯರಿನ ಮೇಲಿನ ಗೆರೆ, ರಸ್ತೆಯ ಮೇಲಿನ ಗೀರು ಎರಡೂ ಆ ದಾರಿಯನ್ನೇ ತೆರೆಯುತ್ತವೆ. ಹೊಸ ಕಾರು ಟಯರಿನಲ್ಲಿ ಗೆರೆ ಸುಮಾರು 8 ಮಿ.ಮೀ. ಆಳವಿರುತ್ತದೆ, 1.6 ಮಿ.ಮೀ.ಗೆ ಇಳಿದ ಮೇಲೆ ನಮ್ಮ ಕಾನೂನಿನ ಪ್ರಕಾರ ಅದನ್ನು ಓಡಿಸುವಂತಿಲ್ಲ. ಸವೆದ ಟಯರಿಗೆ ರಸ್ತೆಯ ಗೀರೇ ಉಳಿದ ಆಸರೆ.

ವಿಮಾನದ ರನ್‌ವೇಗಳಲ್ಲಿ ಈ ಗೀರು ಇನ್ನೂ ದಪ್ಪ. ಅಮೆರಿಕದ ವಿಮಾನಯಾನ ಇಲಾಖೆಯ ಅಳತೆಯಂತೆ 6 ಮಿ.ಮೀ. ಅಗಲ, 6 ಮಿ.ಮೀ. ಆಳ, ಒಂದರಿಂದ ಇನ್ನೊಂದಕ್ಕೆ 38 ಮಿ.ಮೀ. ದೂರ, ಎಲ್ಲವೂ ಅಡ್ಡಡ್ಡ.

ಇನ್ನು ಕೂಗಿನ ವಿಷಯ. ಅಡ್ಡ ಗೀರುಗಳು 20 ಮಿ.ಮೀ.ಗೆ ಒಂದರಂತೆ ಇವೆ ಎನ್ನೋಣ. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಅಷ್ಟರಲ್ಲಿ ಟಯರು 1,000 ಗೀರುಗಳನ್ನು ತಟ್ಟುತ್ತದೆ. ಸೆಕೆಂಡಿಗೆ 1,000 ಸಲ ಕಂಪಿಸುವ ಸದ್ದು ಕಿವಿಗೆ ಚುಚ್ಚುವ ಒಂದೇ ಸ್ವರ. ವೇಗ ಅರ್ಧವಾದರೆ ಕಂಪನವೂ ಅರ್ಧ, ಸ್ವರ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಗೀರುಗಳ ನಡುವಿನ ದೂರವನ್ನು ಬೇಕಾದಂತೆ ಬದಲಿಸಿ ರಸ್ತೆಯಲ್ಲೇ ರಾಗ ನುಡಿಸಿದವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಲ್ಯಾಂಕಾಸ್ಟರ್‌ನಲ್ಲಿ 2008ರಲ್ಲಿ ಅಂಥ ಹಾಡುವ ರಸ್ತೆ ಮಾಡಿದಾಗ ಅಕ್ಕಪಕ್ಕದ ಮನೆಯವರು ಸದ್ದು ತಾಳಲಾರದೆ ದೂರು ಕೊಟ್ಟರು. ಹೆದ್ದಾರಿಯ ಪಕ್ಕದಲ್ಲಿ ಬಾಳುವವರ ಕಷ್ಟವೂ ಇಂಥದ್ದೇ. ಗೀರುಗಳನ್ನು ಸಮ ದೂರದಲ್ಲಿ ಹಾಕದೆ ಹೆಚ್ಚುಕಡಿಮೆ ಮಾಡಿ ಎಳೆದರೆ ಸದ್ದು ಒಂದೇ ಸ್ವರದಲ್ಲಿ ಒಟ್ಟಾಗದೆ ಚದುರುತ್ತದೆ. ಸದ್ದು ಇದ್ದೇ ಇರುತ್ತದೆ, ಚುಚ್ಚುವುದು ಮಾತ್ರ ಕಡಿಮೆಯಾಗುತ್ತದೆ. ಊರೊಳಗೆ ಹಾಯುವ ಕಾಂಕ್ರೀಟ್ ರಸ್ತೆಗಳಲ್ಲಿ ಇಷ್ಟನ್ನಾದರೂ ಕಡ್ಡಾಯವಾಗಿ ಮಾಡಬೇಕು. ಇದಕ್ಕೆ ಬೇಕಿರುವುದು ಹಲ್ಲುಗಳನ್ನು ಬೇರೆ ರೀತಿ ಜೋಡಿಸುವ ಮನಸ್ಸು ಮಾತ್ರ.

ಗೀರನ್ನು ಅಡ್ಡಕ್ಕೆ ಹಾಕದೆ ರಸ್ತೆಯ ಉದ್ದಕ್ಕೆ ಎಳೆದರೆ ಸದ್ದು ಬಹಳ ತಗ್ಗುತ್ತದೆ, ತಿರುವಿನಲ್ಲಿ ಟಯರು ಪಕ್ಕಕ್ಕೆ ಜಾರುವುದೂ ಕಡಿಮೆ. ಕ್ಯಾಲಿಫೋರ್ನಿಯಾ ಬಹಳ ಹಿಂದೆಯೇ ಈ ದಾರಿ ಹಿಡಿಯಿತು. ಆದರೆ ಅಲ್ಲಿ ಬೇರೊಂದು ಕಾಟ. ಕಾರು ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ ತನ್ನಷ್ಟಕ್ಕೇ ಎಳೆದಂತಾಗುತ್ತದೆ. ಟಯರಿನ ಸುತ್ತ ನೇರವಾಗಿ ಸುತ್ತಿದ ಗೆರೆಗಳ ನಡುವಿನ ರಬ್ಬರಿನ ಅಂಚು ರಸ್ತೆಯ ಗೀರಿಗೆ ಸರಿಯಾಗಿ ಕೂತಾಗ, ಎರೆನೆಲದ ಗಾಡಿಜಾಡಿಗೆ ಇಳಿದ ಚಕ್ಕಡಿಯ ಗಾಲಿಯಂತೆ, ಅದು ಗೀರಿನ ದಾರಿಯನ್ನೇ ಹಿಡಿಯಲು ನೋಡುತ್ತದೆ. ಚಾಲಕ ತುಸು ತಿರುಗಿಸಿದೊಡನೆ ಆ ಅಂಚು ಬಿಟ್ಟು ಪಕ್ಕದ ಗೀರನ್ನು ಹಿಡಿಯುತ್ತದೆ. ಗೀರುಗಳ ನಡುವಿನ ದೂರ ಟಯರಿನ ಗೆರೆಗಳ ದೂರಕ್ಕೆ ಹೊಂದಿದಷ್ಟೂ ಈ ಎಳೆದಾಟ ಜಾಸ್ತಿ. ಗೆರೆಗಳು ಅಂಕುಡೊಂಕಾಗಿರುವ ಟಯರಿಗೆ ಇದು ಅಷ್ಟಾಗಿ ತಿಳಿಯದು.

ಕರ್ನಾಟಕದವರಿಗೆ ಈ ಅನುಭವ ಹೆಚ್ಚಾಗಿ ಆಗುವುದು ಕೆರೆದುಬಿಟ್ಟ ರಸ್ತೆಗಳಲ್ಲಿ. ಬೆಂಗಳೂರಿನಲ್ಲಿ ಹೊಸ ಡಾಂಬರು ಹಾಕುವ ಮುನ್ನ ಹಳೆಯದನ್ನು ಯಂತ್ರದಿಂದ ಕೆರೆಯುತ್ತಾರೆ. ಯಂತ್ರದ ಉರುಳೆಯ ಹಲ್ಲುಗಳು ರಸ್ತೆಯ ಉದ್ದಕ್ಕೆ ಏಣು–ತಗ್ಗುಗಳ ಸಾಲನ್ನೇ ಬಿಟ್ಟುಹೋಗುತ್ತವೆ. ಇವು ಕಾಂಕ್ರೀಟಿನ ಗೀರಿನಂತೆ ಅಳತೆಗೆ ಒಳಪಟ್ಟವಲ್ಲ. ಒಂದು ಕಡೆ ಆಳ, ಒಂದು ಕಡೆ ತೇಲು. ಕಾರಿನವರಿಗೆ ಸ್ಟೀರಿಂಗ್ ನಡುಗಿದಂತಾಗುತ್ತದೆ, ಸ್ಕೂಟರಿನವರಿಗೆ ಹ್ಯಾಂಡಲ್ಲೇ ಕೈತಪ್ಪಿದಂತೆ. ಹ್ಯಾಂಡಲನ್ನು ಬಿಗಿಹಿಡಿದು ಪ್ರತಿ ಅಲುಗಾಟವನ್ನೂ ತಿದ್ದಲು ಹೋದರೆ ಓಲಾಟ ಹೆಚ್ಚುತ್ತದೆ. ವೇಗ ಇಳಿಸಿ, ಕೈ ಸಡಿಲಬಿಟ್ಟು, ಬ್ರೇಕನ್ನು ಒಮ್ಮೆಲೇ ಒತ್ತದೆ ನೇರ ಸಾಗುವುದೇ ಸರಿ. ಕೆರೆದ ರಸ್ತೆಯನ್ನು ಎಚ್ಚರಿಕೆಯ ಫಲಕವೂ ಇಲ್ಲದೆ ದಿನಗಟ್ಟಲೆ ಹಾಗೇ ಬಿಡುವುದು ದ್ವಿಚಕ್ರ ಸವಾರರಿಗೆ ಮಾಡುವ ಅನ್ಯಾಯ.

ಗೀರು ಸವೆಯುತ್ತದೆ. ಚಕ್ರಗಳು ಸದಾ ಹಾಯುವ ಎರಡು ಪಟ್ಟಿಗಳು ಮೊದಲು ನುಣುಪಾಗುತ್ತವೆ, ಗೀರಿನಲ್ಲಿ ಮಣ್ಣು ಕೂರುತ್ತದೆ. ಸೊಕ್ಕೆ ಹೋಬಳಿಯಂಥ ಕಡೆ ಹಳ್ಳಿಗಳ ಸಿ.ಸಿ. ರಸ್ತೆಗೆ ಹಸಿಯಿದ್ದಾಗ ಪೊರಕೆಯಿಂದಲೋ ಬ್ರಷ್ಷಿನಿಂದಲೋ ಎಳೆದ ತೆಳು ಗೀರು ಇನ್ನೂ ಬೇಗ ಅಳಿಸಿಹೋಗುತ್ತದೆ. ಉಳಿದಿದೆಯೋ ಇಲ್ಲವೋ ನೋಡಲು ಎಂಜಿನಿಯರುಗಳ ಬಳಿ ಒಂದು ಸರಳ ಪರೀಕ್ಷೆ ಇದೆ. ಅಳೆದ ನಯವಾದ ಒಣ ಮರಳನ್ನು ರಸ್ತೆಯ ಮೇಲೆ ಸುರಿದು, ಚಪ್ಪಟೆ ಬಿಲ್ಲೆಯಿಂದ ದುಂಡಗೆ ಹರಡುತ್ತಾರೆ. ಮರಳು ಗೀರುಗಳನ್ನೆಲ್ಲ ತುಂಬಿ ಮೇಲ್ಮೈಗೆ ಸಮನಾದಾಗ ವೃತ್ತದ ಅಡ್ಡಳತೆ ತೆಗೆಯುತ್ತಾರೆ. 50 ಮಿಲಿಲೀಟರ್ ಮರಳು 25 ಸೆಂ.ಮೀ. ವೃತ್ತವಾದರೆ ರಸ್ತೆಯ ಮೈಯ ಏರುತಗ್ಗಿನ ಸರಾಸರಿ ಆಳ ಸುಮಾರು 1 ಮಿ.ಮೀ.; ಅದೇ ಮರಳು 35 ಸೆಂ.ಮೀ.ವರೆಗೆ ಹರಡಿದರೆ ಆಳ ಅರ್ಧಕ್ಕೆ ಇಳಿದಿದೆ ಎಂದರ್ಥ. ಆಗ ವಜ್ರದ ಹರಳು ಕೂರಿಸಿದ ಅಲಗುಗಳಿಂದ ಗಟ್ಟಿ ಕಾಂಕ್ರೀಟಿನಲ್ಲೇ ಹೊಸದಾಗಿ ಗೀರು ಕೊರೆಯಬಹುದು.