7 ಜನರ ಆಟಕ್ಕೆ ಎಷ್ಟು ಇಂಪೋಸ್ಟರ್?

ಕಾಲೇಜಿಗೆ ಮೊಬೈಲ್ ತರುವಂತಿಲ್ಲ. ಆದ್ದರಿಂದ ಇದು ರಜೆಯಲ್ಲಿ ಮನೆಯಲ್ಲೇ ಆಡುವವರಿಗಾಗಿ. 'ಅಮಾಂಗ್ ಅಸ್' 2018ರಲ್ಲೇ ಬಂದರೂ ನಮ್ಮಲ್ಲಿ ಹೆಚ್ಚಿನವರು ಅದನ್ನು ಕಲಿತದ್ದು 2020ರ ಲಾಕ್‌ಡೌನ್ ಸಮಯದಲ್ಲಿ. ಬಾಹ್ಯಾಕಾಶ ನೌಕೆಯಲ್ಲಿ ಕೆಲಸ ಮಾಡುವ ಕ್ರೂಮೇಟ್‌ಗಳ ನಡುವೆ ಇಂಪೋಸ್ಟರ್ ಅಡಗಿರುತ್ತಾನೆ, ಒಬ್ಬೊಬ್ಬರನ್ನೇ ಕೊಲ್ಲುತ್ತಾನೆ. ಉಳಿದವರು ಸಭೆ ಸೇರಿ, ಮತ ಹಾಕಿ ಅವನನ್ನು ಹೊರಹಾಕಬೇಕು.

ಕಾಮರ್ಸ್‌ನವರಾದ ನಮಗೆ ಬ್ಯಾಲೆನ್ಸ್ ಎಂದರೆ ಎರಡೂ ಬದಿ ಸಮ. ಇಲ್ಲಿ ಸಮವಾದ ಕೂಡಲೇ ಇಂಪೋಸ್ಟರ್ ಗೆದ್ದಾಯಿತು! ಸೆಟ್ಟಿಂಗ್ ಮಾಡುವಾಗ ಈ ಲೆಕ್ಕದಿಂದಲೇ ಶುರು ಮಾಡಿ. 7 ಜನರಲ್ಲಿ 2 ಇಂಪೋಸ್ಟರ್ ಇದ್ದರೆ ಕ್ರೂಮೇಟ್‌ಗಳು 5. ಮೊದಲ ಸಭೆಗೆ ಮುಂಚೆ ಇಬ್ಬರು ಸತ್ತರೆ ಉಳಿಯುವುದು 3. ಸಭೆಯಲ್ಲಿ ತಪ್ಪಾಗಿ ಒಬ್ಬ ನಿರಪರಾಧಿಯನ್ನು ಹೊರಹಾಕಿದರೆ ಎರಡಕ್ಕೆ ಎರಡು, ಆಟ ಮುಗಿಯಿತು. ಅದೇ 10 ಜನರಲ್ಲಿ 2 ಇಂಪೋಸ್ಟರ್ ಆದರೆ, 6 ಕ್ರೂಮೇಟ್‌ಗಳು ಹೋಗುವವರೆಗೂ ಆಟ ಉಳಿದಿರುತ್ತದೆ. ಹಾಗಾಗಿ 8 ಜನರವರೆಗೆ ಒಬ್ಬನೇ ಇಂಪೋಸ್ಟರ್ ಸಾಕು ಎಂಬುದು ನನ್ನ ಅಭಿಪ್ರಾಯ. ಅವನಿಗೆ ಕಷ್ಟವಾದರೆ ಕಿಲ್ ಕೂಲ್‌ಡೌನ್, ಅಂದರೆ ಒಂದು ಕೊಲೆಯ ನಂತರ ಕಾಯಬೇಕಾದ ಸಮಯವನ್ನು ಸ್ವಲ್ಪ ಕಡಿಮೆ ಮಾಡಿ. ವಿಷುವಲ್ ಟಾಸ್ಕ್ ಆಫ್ ಮಾಡಿ. ಅದು ಆನ್ ಇದ್ದರೆ ಆ ಟಾಸ್ಕ್ ಸಿಕ್ಕ ಕ್ರೂಮೇಟ್ ಮೆಡ್‌ಬೇ ಸ್ಕ್ಯಾನ್ ತೋರಿಸಿ ತಾನು ನಿರಪರಾಧಿ ಎಂದು ಸಾಬೀತು ಮಾಡಬಹುದು, ಚರ್ಚೆಗೆ ಏನೂ ಉಳಿಯುವುದಿಲ್ಲ.

ನಾನು ಹೆಚ್ಚು ಹೇಳಬೇಕಾದದ್ದು ಸಮಯದ ಬಗ್ಗೆ. ಇದನ್ನು ಯಾರೂ ಗಮನಿಸುವುದೇ ಇಲ್ಲ. ಒಮ್ಮೆ ಗೆಳೆಯರ ಗುಂಪಿನಲ್ಲಿ ಚರ್ಚೆಗೆ ಸೊನ್ನೆ, ಮತಕ್ಕೆ 30 ಸೆಕೆಂಡ್ ಇಟ್ಟಿದ್ದರು. ನಮ್ಮ ಮನೆಮಾತು ಉರ್ದು. ಗಾಬರಿಯಾದರೆ ನನಗೆ ಕನ್ನಡ ಪದ ತಕ್ಷಣ ಬಾಯಿಗೆ ಬರುವುದಿಲ್ಲ. 'ನಾನು ಎಲೆಕ್ಟ್ರಿಕಲ್‌ನಲ್ಲಿ ವೈರ್ ಜೋಡಿಸುತ್ತಿದ್ದೆ' ಎನ್ನುವಷ್ಟರಲ್ಲಿ, 'ತಡವರಿಸ್ತಿದ್ದೀಯ, ನೀನೇ ಇಂಪೋಸ್ಟರ್' ಎಂದು ಮತ ಹಾಕಿಬಿಟ್ಟರು. ಮೂರು ಸುತ್ತು ಹೀಗೇ ಆಯಿತು. ನಾಲ್ಕನೆಯದರಲ್ಲಿ ನಾನು ಮಾತೇ ಆಡಲಿಲ್ಲ. ಅದಕ್ಕೂ ಹೊರಹಾಕಿದರು.

ಮುಂದಿನ ಭಾನುವಾರ ನಾನೇ ಹೋಸ್ಟ್ ಆದೆ. ಚರ್ಚೆಗೆ 30, ಮತಕ್ಕೆ 120 ಸೆಕೆಂಡ್ ಇಟ್ಟೆ. ಚರ್ಚೆಯ ಸಮಯ ಮುಗಿಯುವವರೆಗೆ ಯಾರೂ ಮತ ಒತ್ತಲು ಆಗುವುದಿಲ್ಲ, ಆದ್ದರಿಂದ ಕೇಳಲೇಬೇಕು. ಪ್ರತಿಯೊಬ್ಬರೂ ಸರದಿಯಂತೆ ತಾವು ಎಲ್ಲಿದ್ದೆವು ಎಂದು ಹೇಳಬೇಕು, ಯಾವ ಭಾಷೆಯಲ್ಲಾದರೂ ಸರಿ ಎಂದೂ ಒಪ್ಪಿಕೊಂಡೆವು. ಆಟ ನಿಧಾನವಾಯಿತು ಎಂದು ಇಬ್ಬರು ಗೊಣಗಿದರು. ಆದರೂ ಆ ದಿನ ನನ್ನನ್ನು ಒಮ್ಮೆ ಮಾತ್ರ ಹೊರಹಾಕಿದರು, ಆಗ ನಾನು ನಿಜವಾಗಿಯೂ ಇಂಪೋಸ್ಟರ್ ಆಗಿದ್ದೆ. ನಾವು ಆಡಿದ್ದು 7 ಜನ. 10 ಜನ ಸೇರಿದರೆ ಚರ್ಚೆಗೆ 45 ಸೆಕೆಂಡ್ ಇಟ್ಟು ನೋಡಿ.