ಅಜ್ಜಿಯ ನಿಜವಾದ ಹೆಸರು ಹೆರಾನುಷ್

ಮಸೀದಿಯ ಅಂಗಳದಲ್ಲಿ ಅಜ್ಜಿಯ ಶವಪೆಟ್ಟಿಗೆ ಇತ್ತು. ತೀರಿಕೊಂಡವರ ತಂದೆ, ತಾಯಿಯ ಹೆಸರೇನೆಂದು ಯಾರೋ ಬಂದು ಕೇಳಿದರು. ತಂದೆ ಹುಸೇನ್, ತಾಯಿ ಎಸ್ಮಾ ಎಂದರು ಮನೆಯವರು. ದಾಖಲೆಯಲ್ಲಿ ಇದ್ದದ್ದೂ ಅದೇ. ಮೊಮ್ಮಗಳು ಫೆತಿಯೆ ಚೆತಿನ್‌ಗೆ ತಡೆದುಕೊಳ್ಳಲಾಗಲಿಲ್ಲ. ‘ಅದು ನಿಜವಲ್ಲ, ಅವಳ ತಾಯಿ ಇಸ್ಗುಹಿ, ತಂದೆ ಹೊವಾನೆಸ್’ ಎಂದು ಎಲ್ಲರೆದುರು ಕೂಗಿಬಿಟ್ಟರು.

ಟರ್ಕಿಯ ವಕೀಲೆ ಚೆತಿನ್ ಅಜ್ಜಿಯ ಬಗ್ಗೆ 2004ರಲ್ಲಿ ಬರೆದ ಪುಸ್ತಕದಲ್ಲಿ ಈ ಪ್ರಸಂಗ ಬರುತ್ತದೆ. ಸೆಹೆರ್ ಎಂದು ಊರೆಲ್ಲ ಕರೆಯುತ್ತಿದ್ದ ಆ ಅಜ್ಜಿ ಹುಟ್ಟಿದ್ದು ಪೂರ್ವ ಟರ್ಕಿಯ ಹಬಾಬ್ ಎಂಬ ಹಳ್ಳಿಯ ಅರ್ಮೇನಿಯನ್ ಕ್ರೈಸ್ತ ಮನೆಯಲ್ಲಿ. ಹೆಸರು ಹೆರಾನುಷ್. 1915ರಲ್ಲಿ ಅವಳಿಗೆ ಸುಮಾರು ಹತ್ತು ವರ್ಷ. ಅದೇ ವರ್ಷ ಒಟ್ಟೊಮನ್ ಸರ್ಕಾರ ಅರ್ಮೇನಿಯನ್ನರನ್ನು ಊರೂರುಗಳಿಂದ ಎಬ್ಬಿಸಿ ಸಿರಿಯಾದ ಮರುಭೂಮಿಯತ್ತ ನಡೆಸಿತು. ಗಂಡಸರನ್ನು ಹೆಚ್ಚಿನ ಕಡೆ ಮೊದಲೇ ಕೊಂದು ಮುಗಿಸಿದ್ದರು. ಉಳಿದ ಹೆಂಗಸರು, ಮಕ್ಕಳು, ಮುದುಕರು ಹಸಿವಿನಿಂದ, ರೋಗದಿಂದ, ಕತ್ತಿಯ ಏಟಿನಿಂದ ದಾರಿಯುದ್ದಕ್ಕೂ ಸತ್ತರು. ಸತ್ತವರು ಹತ್ತು ಲಕ್ಷಕ್ಕೂ ಹೆಚ್ಚು ಎಂಬುದು ಹಲವು ಇತಿಹಾಸಕಾರರ ಅಂದಾಜು.

ಆ ದಾರಿಯಲ್ಲೊಂದು ನದಿ. ಹೆರಾನುಷ್‌ಳ ಅಜ್ಜಿ, ತಂದೆತಾಯಿ ಇಲ್ಲದ ಇಬ್ಬರು ಮೊಮ್ಮಕ್ಕಳನ್ನು ತನ್ನ ಕೈಯಾರೆ ನೀರಿಗೆ ಎಸೆದಳು. ಒಂದು ಮಗು ನೀರಿನಿಂದ ತಲೆಯೆತ್ತಿತು. ಅದರ ತಲೆಯನ್ನು ಒತ್ತಿ ಮುಳುಗಿಸಿ, ಕೊನೆಗೆ ತಾನೂ ಹಾರಿದಳು. ಹೆರಾನುಷ್ ಇದನ್ನೆಲ್ಲ ನೋಡುತ್ತ ನಿಂತಿದ್ದಳು. ಮುಂದೆ ಚೆರ್ಮಿಕ್ ಎಂಬಲ್ಲಿ ಟರ್ಕಿಯ ಪೊಲೀಸ್ ದಳದವನೊಬ್ಬ ಅವಳನ್ನು ತಾಯಿಯ ಮಡಿಲಿನಿಂದ ಕೊಂಡೊಯ್ದ. ದಾಖಲೆಯಲ್ಲಿದ್ದ ಹುಸೇನ್ ಅವನೇ. ಅವನ ಮನೆಯಲ್ಲಿ ಬೆಳೆದು, ಮುಸ್ಲಿಮಳಾಗಿ, ಮದುವೆಯಾಗಿ ಮಕ್ಕಳು ಮೊಮ್ಮಕ್ಕಳನ್ನು ಕಂಡಳು. ಮೊಮ್ಮಕ್ಕಳೆದುರು ವರ್ಷಗಟ್ಟಲೆ ತುಟಿ ಬಿಚ್ಚಲಿಲ್ಲ. 1970ರ ದಶಕದಲ್ಲಿ, ಮೊಮ್ಮಗಳು ಚೆತಿನ್ ಅವರನ್ನು ಪಕ್ಕಕ್ಕೆ ಕರೆದು, ಅಮೆರಿಕದಲ್ಲಿರುವ ತನ್ನವರನ್ನು ಹುಡುಕಿಕೊಡುವೆಯಾ ಎಂದು ಕೇಳಿದಳು.

ಇದನ್ನು ಕೇಳಿದ ಮೇಲೆ ಚೆತಿನ್‌ಗೆ ಬಾಲ್ಯದ ಒಂದೊಂದು ಸಂಗತಿಗೂ ಬೇರೆಯೇ ಅರ್ಥ ಹೊಳೆಯತೊಡಗಿತು. ಊರಿನ ಕೆಲವು ಹೆಂಗಸರ ಮನೆಯಲ್ಲಿ ವರ್ಷದ ಒಂದು ಕಾಲಕ್ಕೆ ಮಾತ್ರ ಹೆಣೆದ ಆಕಾರದ ಸಿಹಿ ಬ್ರೆಡ್ ತಯಾರಾಗುತ್ತಿತ್ತು. ಒಬ್ಬರ ಮನೆಗೊಬ್ಬರು ಹೋಗಿ ತಿಂದು ಬರುತ್ತಿದ್ದರು. ಅದು ಈಸ್ಟರ್ ಹಬ್ಬದ ತಿಂಡಿ. ಆ ಹೆಂಗಸರೆಲ್ಲ ಅಜ್ಜಿಯ ಹಾಗೆಯೇ ಬದುಕಿ ಉಳಿದವರು. ಮಕ್ಕಳ ಕಣ್ಣೆದುರೇ ಹಬ್ಬ ನಡೆಯುತ್ತಿತ್ತು, ಹಬ್ಬವೆಂದು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಈ ನೋವು ರಕ್ತದಲ್ಲೇ ಹರಿದು ಬರುತ್ತದೆಯೇ? ನ್ಯೂಯಾರ್ಕಿನ ರೇಚಲ್ ಯೆಹೂದಾ ಮತ್ತು ಸಂಗಡಿಗರು ನಾಜಿ ನರಮೇಧದಿಂದ ಪಾರಾದವರನ್ನೂ ಅವರ ಮಕ್ಕಳನ್ನೂ ಪರೀಕ್ಷಿಸಿದರು. ಒತ್ತಡದ ಹಾರ್ಮೋನಿಗೆ ಸಂಬಂಧಿಸಿದ ಜೀನ್ ಒಂದರ ಮೇಲಿನ ರಾಸಾಯನಿಕ ಗುರುತುಗಳಲ್ಲಿ ಬದಲಾವಣೆ ಕಂಡದ್ದಾಗಿ ವರದಿ ಮಾಡಿದರು. ಪತ್ರಿಕೆಗಳು ಅದನ್ನು ಸಂಭ್ರಮದಿಂದ ಪ್ರಕಟಿಸಿದವು. ಆದರೆ ಪರೀಕ್ಷೆಗೆ ಒಳಗಾದವರು ಕೆಲವೇ ಡಜನ್ ಜನ. ಮೊಮ್ಮಕ್ಕಳಂತೂ ಅದರಲ್ಲಿ ಇರಲೇ ಇಲ್ಲ. ಮೊಮ್ಮಕ್ಕಳ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ಇಸ್ರೇಲಿನ ಅವಿ ಸಾಗಿ–ಶ್ವಾರ್ಟ್ಸ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ನೋಡಿದಾಗ, ಚಿಕಿತ್ಸೆಗೆಂದು ಬಾರದ ಸಾಮಾನ್ಯ ಕುಟುಂಬಗಳ ಮೂರನೇ ತಲೆಮಾರಿನಲ್ಲಿ ಆಘಾತದ ಲಕ್ಷಣಗಳು ಕಂಡುಬರಲಿಲ್ಲ.

ಹಾಗಾಗಿ ಜೀನಿನ ಕಥೆಯನ್ನು ನಂಬಲು ನನಗೆ ಆತುರವಿಲ್ಲ. ಎಲ್ಲವೂ ರಕ್ತದಲ್ಲೇ ಇದೆ ಎಂದುಬಿಟ್ಟರೆ ಉತ್ತರ ಹೇಳಬೇಕಾದವರು ಸಲೀಸಾಗಿ ನುಣುಚಿಕೊಳ್ಳುತ್ತಾರೆ. ಮನೆಯೊಳಗಿನ ಭಯ, ಅರ್ಧಕ್ಕೆ ನಿಲ್ಲುವ ಮಾತು, ‘ಇದನ್ನು ಹೊರಗೆ ಹೇಳಬೇಡ’ ಎಂಬ ಎಚ್ಚರಿಕೆ, ಇವೆಲ್ಲ ಮಕ್ಕಳಿಗೆ ದಾಟಲು ಯಾವ ಜೀನಿನ ನೆರವೂ ಬೇಡ. ಚೆತಿನ್ ಅವರು ಐಷೆ ಗ್ಯುಲ್ ಅಲ್ಟಿನಾಯ್ ಜತೆಗೂಡಿ ಹೆರಾನುಷ್‌ಳಂಥವರ ಮೊಮ್ಮಕ್ಕಳನ್ನು ಮಾತಾಡಿಸಿ 2009ರಲ್ಲಿ ಇನ್ನೊಂದು ಪುಸ್ತಕ ತಂದರು. ಅವರಲ್ಲಿ ಹಲವರು ತಮ್ಮ ಹೆಸರು ಹಾಕಬೇಡಿ ಎಂದು ಕೇಳಿಕೊಂಡರು. ಘಟನೆ ನಡೆದು ಆಗಲೇ ತೊಂಬತ್ತು ವರ್ಷ ದಾಟಿತ್ತು.

ಆ ಭಯ ಹುಸಿಯಾಗಿರಲಿಲ್ಲ. ಹೆರಾನುಷ್‌ಳ ಮರಣವಾರ್ತೆ ಅಚ್ಚಾದದ್ದು ಅರ್ಮೇನಿಯನ್ ಸಮುದಾಯದ ‘ಆಗೋಸ್’ ಪತ್ರಿಕೆಯಲ್ಲಿ. ಅದರಿಂದಲೇ ಅಮೆರಿಕದ ಬಂಧುಗಳ ಸಂಪರ್ಕ ಸಿಕ್ಕಿತು. ಆ ಪತ್ರಿಕೆಯ ಸಂಪಾದಕ ಹ್ರಾಂತ್ ದಿಂಕ್ ಅವರನ್ನು ‘ಟರ್ಕಿತನಕ್ಕೆ ಅವಮಾನ’ ಮಾಡಿದರೆಂದು ನ್ಯಾಯಾಲಯ ತಪ್ಪಿತಸ್ಥರೆಂದಿತು. 2007ರ ಜನವರಿ 19ರಂದು ಇಸ್ತಾಂಬುಲ್‌ನಲ್ಲಿ ಪತ್ರಿಕೆಯ ಕಚೇರಿ ಎದುರೇ ಅವರನ್ನು ಗುಂಡಿಕ್ಕಿ ಕೊಂದರು. ಅವರ ವಕೀಲೆಯಾಗಿದ್ದವರು ಚೆತಿನ್.

2018ರ ಫೆಬ್ರುವರಿಯಲ್ಲಿ ಟರ್ಕಿ ಸರ್ಕಾರ ವಂಶಾವಳಿ ದಾಖಲೆಗಳನ್ನು ಆನ್‌ಲೈನಿನಲ್ಲಿ ತೆರೆದಿಟ್ಟಿತು. ಜನ ಮುಗಿಬಿದ್ದ ರಭಸಕ್ಕೆ ಜಾಲತಾಣವೇ ಕುಸಿಯಿತು. ತಾವು ಯಾರೆಂದು ತಿಳಿಯುವ ತವಕ ಅಷ್ಟೊಂದು ಜನರಿಗಿತ್ತು. ಆದರೆ 1915ರಲ್ಲಿ ನಡೆದದ್ದು ಜನಾಂಗಹತ್ಯೆ ಎಂದು ಆ ಸರ್ಕಾರ ಇಂದಿಗೂ ಒಪ್ಪಿಲ್ಲ. ಒಪ್ಪದ ಹೊರತು ಮೊಮ್ಮಕ್ಕಳ ಗಾಯಕ್ಕೆ ಮನೋವೈದ್ಯರಲ್ಲಿ ಮದ್ದಿಲ್ಲ. ಚೆತಿನ್ ಅವರ ಪುಸ್ತಕವನ್ನು ಮೌರೀನ್ ಫ್ರೀಲಿ ಇಂಗ್ಲಿಷಿಗೆ ತಂದಿದ್ದಾರೆ. ಚಿಕ್ಕ ಪುಸ್ತಕ. ದಯವಿಟ್ಟು ಓದಿ.